ಒಬ್ಬರ ದುಡಿಮೆ, ಏರುವ ಬೆಲೆ ಮತ್ತು ಸ್ವಂತ ಮನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿರುವರೆಂದು ಬಗೆದು, ನಾನು ಸೇವಾವಧಿಯುದ್ದಕ್ಕೂ ಕಲಿಸಿದ ಲೆಕ್ಕವನ್ನೇ ವಿಷಯವಾಗಿ ಆರಿಸಿಕೊಂಡೆ. ಚಕ್ರಬಡ್ಡಿಯ ಪಾಠ ಬಂದಾಗ ಕಿಟಕಿಯಾಚೆ ನೋಡುತ್ತಿದ್ದ ಹುಡುಗರು ಇಂದು ಸಂಸಾರವಂದಿಗರು. ಅವರಲ್ಲೊಬ್ಬನು ಈಚೆಗೆ ಮನೆಗೆ ಬಂದು, "ಮೇಷ್ಟ್ರೇ, ಹತ್ತು ಲಕ್ಷ ಸಾಲ ಕೊಡ್ತಾರಂತೆ, ತಗೊಳ್ಳಲಾ?" ಎಂದು ಕೇಳಿದನು. ಆ ದಿನ ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವೇ ಈ ಲೇಖನ.

ಅವನ ಸ್ಥಿತಿ ನಮ್ಮಲ್ಲಿ ಅನೇಕರದು. ಹುಟ್ಟೂರು ಕಲ್ಯಾಣದುರ್ಗದ ಕಡೆಯ ಹಳ್ಳಿ. ಉದ್ಯೋಗ ಹಿಂದೂಪುರದ ಬಳಿಯ ಕಾರ್ಖಾನೆಯಲ್ಲಿ. ಕೈಗೆ ಬರುವ ಸಂಬಳ 20,000 ರೂಪಾಯಿ. ಮಕ್ಕಳಿಬ್ಬರೂ ಚಿಕ್ಕವರಾದ್ದರಿಂದ ಹೆಂಡತಿ ಕೆಲಸಕ್ಕೆ ಹೋಗುವಂತಿಲ್ಲ. ತಾಯಿ ಹಳ್ಳಿಯಲ್ಲೇ ಇದ್ದಾರೆ.

ಇಲ್ಲಿ ಒಂದು ಮಾತನ್ನು ಹೇಳಬೇಕು. ಒಬ್ಬರ ಸಂಬಳದಲ್ಲಿ ಬದುಕುವ ಸಂಸಾರ ನಮ್ಮ ಸೀಮೆಗೆ ಹೊಸದಲ್ಲವೆಂದು ಹಿರಿಯರು ಹೇಳುವುದುಂಟು. ನನಗೆ ಅದು ಪೂರ್ತಿ ಸರಿಯೆನಿಸದು. ಹಿಂದಿನವರಿಗೆ ಸಂಬಳ ಒಂದೇ ಇದ್ದರೂ ಆದಾಯ ಒಂದೇ ಇರಲಿಲ್ಲ. ಹೊಲದ ಕಡಲೆಕಾಯಿ ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿತ್ತು. ರಾಗಿ, ತೊಗರಿ, ಹುಣಸೆ ಮನೆಯವೇ. ಹಿತ್ತಿಲಲ್ಲಿ ಒಂದು ಎಮ್ಮೆ. ವಾಸದ ಮನೆ ಅಜ್ಜ ಕಟ್ಟಿಸಿದ್ದು. ಅಂಗಡಿಯ ಬೆಲೆ ಏರಿದಾಗ ಅರ್ಧ ಪೆಟ್ಟನ್ನು ಹೊಲವೇ ತಡೆಯುತ್ತಿತ್ತು. ಆದರೆ ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಕಲ್ಯಾಣದುರ್ಗದ ಕಡೆಯ ಖುಷ್ಕಿ ಹೊಲ ಕೈಕೊಟ್ಟ ವರ್ಷಗಳು ಹೆಚ್ಚಾದಂತೆ ಮಕ್ಕಳು ಪಟ್ಟಣ ಸೇರಿದರು. ಪಟ್ಟಣದಲ್ಲಿ ಎಣ್ಣೆಯೂ ಸೂರೂ ಎರಡೂ ದುಡ್ಡಿಗೇ. ಹೀಗೆ ನಿಜವಾದ ಒಂಟಿ ಆದಾಯದ ಸಂಸಾರ ಹುಟ್ಟಿದ್ದು ಈಚೆಗೆ.

ಇನ್ನು ಬೆಲೆಯೇರಿಕೆಯ ವಿಚಾರ. ಪತ್ರಿಕೆಯಲ್ಲಿ ಬರುವ ಶೇಕಡಾವಾರು ಅಂಕಿಯು ಇಡೀ ದೇಶದ ಸರಾಸರಿ. 2016ರಲ್ಲಿ ಸರ್ಕಾರವು ರಿಸರ್ವ್ ಬ್ಯಾಂಕಿಗೆ ಶೇ. 4ರ ಗುರಿಯನ್ನೂ, ಆಚೀಚೆ ಶೇ. 2ರ ಅವಕಾಶವನ್ನೂ ನಿಗದಿ ಮಾಡಿತು. ಸರಾಸರಿಯನ್ನು ಕಟ್ಟುವುದು ತೂಕಗಳ ಮೇಲೆ. 2012ನ್ನು ಮೂಲವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳಿಗೆ ಶೇ. 45.86, ವಸತಿಗೆ ಶೇ. 10.07 ತೂಕವಿತ್ತು. ವಸತಿಯೆಂದರೆ ಬಾಡಿಗೆಯೇ ಹೊರತು ನಿವೇಶನದ ಬೆಲೆಯಲ್ಲ. ನಮ್ಮ ಹುಡುಗನ ಖರ್ಚಿನಲ್ಲಿ ಬಾಡಿಗೆಯ ಪಾಲು ಶೇ. 25. ಆದ್ದರಿಂದ ದೇಶದ ಸೂಚ್ಯಂಕ ಅವನ ಸೂಚ್ಯಂಕವಲ್ಲ; ತನ್ನದನ್ನು ತಾನೇ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಎಂಟನೆಯ ತರಗತಿಯ ಗಣಿತವಷ್ಟೆ.

ಅವನ ತಿಂಗಳ ಖರ್ಚು: ಬಾಡಿಗೆ 5,000, ಊಟ ತಿಂಡಿ 8,000, ಮಕ್ಕಳ ಶುಲ್ಕ 2,500, ತಾಯಿಗೆ 1,500, ಉಳಿದದ್ದು 3,000. ಒಟ್ಟು 20,000, ಉಳಿತಾಯ ಸೊನ್ನೆ. ಬರುವ ವರ್ಷ ಬಾಡಿಗೆಯೂ ದಿನಸಿಯೂ ಶೇ. 10, ಶುಲ್ಕ ಶೇ. 15, ಉಳಿದದ್ದು ಶೇ. 4 ಏರಿತೆಂದು ಇಟ್ಟುಕೊಳ್ಳೋಣ. ಹೆಚ್ಚಳ ಕ್ರಮವಾಗಿ 500, 800, 375, 120. ಒಟ್ಟು 1,795 ರೂಪಾಯಿ, ಅಂದರೆ ಶೇ. 9ರಷ್ಟು. ಸಂಬಳ ಏರುವುದು ಶೇ. 5, ಅಂದರೆ 1,000. ಯಾವ ದುಂದುವೆಚ್ಚವೂ ಇಲ್ಲದೆ ತಿಂಗಳಿಗೆ 795 ರೂಪಾಯಿ ಕೊರತೆ. ನನಗೆ ತುಟ್ಟಿಭತ್ಯೆ ಎಂಬುದೊಂದಿತ್ತು, ತಡವಾಗಿಯಾದರೂ ಬರುತ್ತಿತ್ತು. ಅವನಿಗೆ ಅದಿಲ್ಲ.

ಅವನ ವಾದವೂ ತೆಗೆದುಹಾಕುವಂಥದ್ದಲ್ಲ. "ಬಾಡಿಗೆ ಏರ್ತಾನೇ ಇರುತ್ತೆ ಮೇಷ್ಟ್ರೇ, ಕಂತು ಏರಲ್ಲ" ಎಂದನು. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಬೆಲೆ ಇಮ್ಮಡಿಯಾಗುವ ವರ್ಷಗಳು ಸಿಗುತ್ತವೆ. ಶೇ. 6ರಂತೆ ಏರಿದರೂ ಇಂದಿನ 5,000 ಬಾಡಿಗೆ ಹನ್ನೆರಡು ವರ್ಷಕ್ಕೆ 10,000. ಹತ್ತು ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಕಂತು 8,997. ಶೇ. 5ರಂತೆ ಬೆಳೆದರೆ ಹತ್ತು ವರ್ಷಕ್ಕೆ ಸಂಬಳ 32,500 ದಾಟುತ್ತದೆ. ಆಗ ಕಂತಿನ ಭಾರ ಶೇ. 45ರಿಂದ ಶೇ. 28ಕ್ಕೆ ಇಳಿಯುತ್ತದೆ. ಸಂಬಳ ಏರುವವನಿಗೆ ಬೆಲೆಯೇರಿಕೆ ಸಾಲದ ಭಾರವನ್ನು ತಗ್ಗಿಸುತ್ತದೆ ಎಂಬುದು ನಿಜ.

ಆದರೆ ಸಂಸಾರ ಮುಳುಗುವುದು ಹತ್ತನೆಯ ವರ್ಷದಲ್ಲಲ್ಲ, ಮೊದಲ ಐದು ವರ್ಷದಲ್ಲಿ. ಬಾಡಿಗೆ ತೆಗೆದರೆ ಅವನ ಖರ್ಚು 15,000. ಕಂತು ಕಟ್ಟಿದ ಮೇಲೆ ಕೈಯಲ್ಲುಳಿಯುವುದು 11,003. ತಿಂಗಳಿಗೆ 3,997 ಎಲ್ಲಿಂದ? ಚೀಟಿ ಕೂಗಿ, ಒಡವೆ ಅಡವಿಟ್ಟು ಎರಡು ವರ್ಷ ದೂಡಬಹುದು. ಮೊದಲ ಕಂತಿನಲ್ಲಿ 7,500 ಬಡ್ಡಿಗೇ ಹೋಗಿ ಅಸಲಿಗೆ ಸಲ್ಲುವುದು 1,497 ಮಾತ್ರ ಎಂದು ತೋರಿಸಿದಾಗ ಅವನು ಸುಮ್ಮನಾದನು.

ಕಂತು ಏರದೆಂಬುದೂ ಪೂರ್ಣ ಸತ್ಯವಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಚರ ಬಡ್ಡಿಯ ಗೃಹಸಾಲಗಳು ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇ. 4ರಿಂದ ಶೇ. 6.5ಕ್ಕೆ ಏರಿತು. ಏರಿಕೆಗೆ ಸ್ವಲ್ಪ ಮೊದಲು ಶೇ. 7ರಲ್ಲಿ ಹತ್ತು ಲಕ್ಷ ಪಡೆದವನ ಕಂತು 7,753. ದರ ಶೇ. 9.5 ಆದಾಗ ಅವನ ಬಾಕಿ 9.9 ಲಕ್ಷವಿದ್ದರೆ ಒಂದು ತಿಂಗಳ ಬಡ್ಡಿಯೇ 7,837! ಹಳೆಯ ಕಂತನ್ನೇ ಕಟ್ಟುತ್ತಿದ್ದರೆ ಸಾಲ ಕರಗುವ ಬದಲು ಬೆಳೆಯುತ್ತದೆ. ಹೀಗಾಗಕೂಡದೆಂದೂ, ದರ ಬದಲಾದಾಗ ಕಂತು ಏರಿಸುವ, ಅವಧಿ ಹಿಗ್ಗಿಸುವ, ಸ್ಥಿರ ದರಕ್ಕೆ ಹೋಗುವ ಆಯ್ಕೆಗಳನ್ನು ಸಾಲಗಾರನ ಮುಂದಿಡಬೇಕೆಂದೂ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿತು. 2025ರಲ್ಲಿ ರೆಪೋ ದರ ಇಳಿಯಿತಾದರೂ, ಇಳಿದದ್ದು ಮತ್ತೆ ಏರಲಾರದೆ? ನಮ್ಮವರ ತೊಡಕು ಇನ್ನೊಂದಿದೆ. ಓದಿದ್ದು ಕನ್ನಡ, ಕಚೇರಿಯದು ತೆಲುಗು, ಸಾಲಪತ್ರ ಇಂಗ್ಲಿಷ್. ತಿಳಿಯದ ಕಡೆಯೂ ಸಹಿ ಹಾಕುವ ಸಂಕೋಚ ನಮ್ಮ ಹುಡುಗರಲ್ಲಿ ಬಹಳ. ಹಾಳೆಯನ್ನು ಮನೆಗೆ ತಂದು ತಿಳಿದವರಿಂದ ಓದಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಸರ್ಕಾರದ ಯೋಜನೆಗಳನ್ನೂ ಮರೆಯಬಾರದು. 2020ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ಆರಂಭಿಸಿದ ಯೋಜನೆಯಲ್ಲಿ ಪಟ್ಟಣದಲ್ಲಿ ಒಂದು ಸೆಂಟು, ಹಳ್ಳಿಯಲ್ಲಿ ಒಂದೂವರೆ ಸೆಂಟು ಜಾಗವನ್ನು ಹೆಣ್ಣುಮಕ್ಕಳ ಹೆಸರಿಗೆ ಪಟ್ಟಾ ಮಾಡಿಕೊಟ್ಟು, ಮನೆಯೊಂದಕ್ಕೆ 1.80 ಲಕ್ಷ ನಿಗದಿ ಮಾಡಿದ್ದರು. ಒಂದು ಸೆಂಟೆಂದರೆ 435.6 ಚದರಡಿ. ಮೊತ್ತ ನಿಂತಲ್ಲೇ ನಿಂತಿತು, ಕಬ್ಬಿಣ ಸಿಮೆಂಟು ನಿಲ್ಲಲಿಲ್ಲ.

ನಮ್ಮ ಹುಡುಗನಿಗೆ ಊರ ಹೊರಗೆ ಎರಡು ಸೆಂಟು ಜಾಗವಿದೆ. ಹತ್ತು ಲಕ್ಷದ ಬದಲು ಐದು ಲಕ್ಷವೆಂದು ಬರೆದು ನೋಡಿದೆವು. ಕಂತು 4,499, ಬಾಡಿಗೆಗಿಂತ 501 ಕಡಿಮೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು ಈಗ. ಮೇಲೇಳಲು ತಳಪಾಯ ಮಾತ್ರ ಗಟ್ಟಿ. ಕಟ್ಟುವ ತಿಂಗಳುಗಳಲ್ಲಿ ಬಾಡಿಗೆಯ ಜೊತೆಗೆ ಬಡ್ಡಿಯೂ ಬೀಳುತ್ತದೆ. ಪೂರ್ತಿ ಹಣ ಪಡೆದರೆ ಅದು ತಿಂಗಳಿಗೆ 3,750. ಆರು ತಿಂಗಳಿಗೆ 22,500ನ್ನು ಮೊದಲೇ ಕೂಡಿಡಬೇಕು. ದುಡಿಯುವವನೇ ಇಲ್ಲವಾದರೆ ಸಾಲ ಹೆಂಡತಿಯ ತಲೆಗೆ ಬೀಳದಂತೆ, ಹಣ ವಾಪಸು ಬರುವ ಪಾಲಿಸಿಯ ಆಸೆ ಬಿಟ್ಟು, ಸಾಲದ ಮೊತ್ತಕ್ಕೆ ಕಡಿಮೆಯಿಲ್ಲದ ಶುದ್ಧ ಅವಧಿ ವಿಮೆಯನ್ನು ಮಾಡಿಸಬೇಕೆಂದೂ ಹೇಳಿದೆ. ಈ ಮಾತು ಅವನಿಗೆ ಅಪಶಕುನವೆನಿಸಿತೋ ಏನೋ, ಮುಖ ಸಣ್ಣದಾಯಿತು.

ಎರಡು ವಾರದ ನಂತರ ಅವನು ಮತ್ತೆ ಬಂದನು, ಈ ಸಲ ಹೆಂಡತಿಯೊಡನೆ. ಲೆಕ್ಕದ ಹಾಳೆಯನ್ನು ಆಕೆ ತಿದ್ದಿದ್ದಳು. "ಇವರು ಗ್ಯಾಸು, ಔಷಧಿ ಬರ್ದೇ ಇಲ್ಲ ಸಾರ್, ಉಳಿದದ್ದು ಮೂರು ಸಾವಿರದಲ್ಲಿ ಆಗಲ್ಲ" ಎಂದಳು. ಆಕೆಯ ಅಂಕಿಗಳಿಂದ ಮತ್ತೊಮ್ಮೆ ಕೂಡಿದೆವು. ಐದು ಲಕ್ಷವು ನಾಲ್ಕಾಯಿತು.