ಉಪ್ಪು ತಾಳುವ ಭತ್ತದ ತಳಿಗಳು

ತುಂಗಭದ್ರಾ ಅಚ್ಚುಕಟ್ಟಿನ ತಗ್ಗು ಗದ್ದೆಗಳಲ್ಲಿ ನಾಟಿಯಾದ ಭತ್ತದ ಎಲೆತುದಿ ಸುಟ್ಟಂತಾಗಿ, ಪೈರು ಅಲ್ಲಲ್ಲಿ ಸಾಯುವುದನ್ನು ನೀವು ಕಂಡಿರಬಹುದು. ನೆಲದ ಮೇಲೆ ಬಿಳಿಯ ಪದರವೂ ಇದ್ದರೆ, ಅದು ಸವಳಿನ ಬಾಧೆ ಎಂದು ಸಂಶಯಪಡಬೇಕು. ಭತ್ತಕ್ಕೆ ಎಳೆಯ ಸಸಿಯಾಗಿರುವಾಗ ಹಾಗೂ ಹೂ ಬಿಡುವಾಗ ಉಪ್ಪಿನ ಬಾಧೆ ಹೆಚ್ಚು.

ಈ ಬಾಧೆಯನ್ನು ತಾಳುವ ಭತ್ತವೂ ಉಂಟು. ಕೇರಳದ ಪೊಕ್ಕಾಳಿ ಮತ್ತು ನಮ್ಮ ಉತ್ತರ ಕನ್ನಡದ ಗಜನಿ ಗದ್ದೆಗಳ ಕಗ್ಗ, ಸಮುದ್ರದ ಉಪ್ಪುನೀರು ನುಗ್ಗುವ ನೆಲದಲ್ಲಿ ರೈತರೇ ತಲೆತಲಾಂತರದಿಂದ ಉಳಿಸಿಕೊಂಡು ಬಂದ ತಳಿಗಳು. ಆದರೆ ಇವು ಎತ್ತರಕ್ಕೆ ಬೆಳೆದು ಬೀಳುತ್ತವೆ, ಇಳುವರಿಯೂ ಕಡಿಮೆ. ಆದ್ದರಿಂದ ಪೊಕ್ಕಾಳಿಯಂಥ ತಳಿಯನ್ನು ಹೆಚ್ಚು ಇಳುವರಿಯ ಗಿಡ್ಡ ತಳಿಯೊಡನೆ ಸಂಕರಿಸಿ, ಮುಂದಿನ ಪೀಳಿಗೆಗಳನ್ನು ಸವಳು ಮಣ್ಣಿನಲ್ಲೇ ಬೆಳೆಸಿ, ಉಳಿದು ತೆನೆ ಕಟ್ಟಿದ ಗಿಡಗಳನ್ನು ಆರಿಸಲಾಗುತ್ತದೆ.

ಪೊಕ್ಕಾಳಿಯ 1ನೇ ವರ್ಣತಂತುವಿನಲ್ಲಿರುವ 'ಸಾಲ್ಟಾಲ್' ಎಂಬ ಭಾಗವು ಸಸಿಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸಮತೋಲ ಕಾಯಲು ನೆರವಾಗುತ್ತದೆ. ಅದು ಬಂದಿದೆಯೇ ಎಂಬುದನ್ನು ಈಗ ಎಳೆಯ ಸಸಿಯ ಎಲೆಯಿಂದಲೇ ಪರೀಕ್ಷಿಸಬಹುದು. ಆದರೆ ಹೂ ಬಿಡುವ ಕಾಲದ ಸಹನೆಗೆ ಇದೊಂದೇ ಸಾಲದು.

ಒಂದು ಮಾತು ನೆನಪಿರಲಿ: ತಳಿ ಉಪ್ಪನ್ನು ತಾಳುತ್ತದೆ, ತೆಗೆಯುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸವಳಿದ್ದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಬಸಿಯಿರಿ. ಕ್ಷಾರವಿದ್ದರೆ ಶಿಫಾರಸಿನಂತೆ ಜಿಪ್ಸಂ ಹಾಕಿರಿ. ಕಗ್ಗ ಬೆಳೆಯುವ ಬಾಂಧವರು ಅದರ ಬೀಜವನ್ನು ಕೈಬಿಡಬಾರದು. ನಾಳಿನ ತಳಿಗೆ ಬೇಕಾದ ಗುಣ ಅದರಲ್ಲಿದೆ.