ಕೂಸಿನ ಆಟವೂ ತಿನಿಸೂ

ಎಂಟು ತಿಂಗಳಿನ ಕೂಸಿನ ಕೈಗೆ ಏನನ್ನೇ ಕೊಡಿರಿ, ಅದು ನೆಟ್ಟಗೆ ಬಾಯಿಗೆ ಹೋಗುತ್ತದೆ. ಮರದ ಸೌಟು, ಅಜ್ಜಿಯ ಸೆರಗಿನ ತುದಿ, ತಂದೆಯ ಚಪ್ಪಲಿ, ರೊಟ್ಟಿಯ ಚೂರು, ಇವುಗಳಲ್ಲಿ ಅದಕ್ಕೆ ಭೇದವಿಲ್ಲ. ಹಿರಿಯರು ಇದನ್ನು ಹಸಿವೆಂದೋ ಕೆಟ್ಟ ಚಟವೆಂದೋ ಭಾವಿಸಿ ಕಸಿದುಕೊಳ್ಳುವುದುಂಟು. ವಾಸ್ತವವಾಗಿ ಇದು ಎರಡೂ ಅಲ್ಲ. ಹುಟ್ಟಿದ ಹೊಸತರಲ್ಲಿ ಕೂಸಿಗೆ ದೂರದ ವಸ್ತುಗಳು ಸ್ಪಷ್ಟವಾಗಿ ಕಾಣವು, ಕೈಬೆರಳುಗಳು ಹತೋಟಿಯಲ್ಲಿರವು. ತುಟಿ ನಾಲಗೆಗಳು ಮಾತ್ರ ಹಾಲು ಹೀರುವ ಸಲುವಾಗಿ ಸಿದ್ಧವಾಗಿಯೇ ಬಂದಿರುತ್ತವೆ. ಆದುದರಿಂದ ಬಿಸಿ ಯಾವುದು, ತಂಪು ಯಾವುದು, ನುಣುಪು ಯಾವುದು, ಒರಟು ಯಾವುದು ಎಂಬುದನ್ನು ಅದು ಬಹುಮಟ್ಟಿಗೆ ಬಾಯಿಯಿಂದಲೇ ಅರಿಯಲು ತೊಡಗುತ್ತದೆ. ಆಟ ಬೇರೆ, ತಿನಿಸು ಬೇರೆ ಎಂದು ವಿಂಗಡಿಸುವವರು ನಾವು; ಕೂಸು ವಿಂಗಡಿಸುವುದಿಲ್ಲ. ಎರಡನ್ನೂ ಇಲ್ಲಿ ಒಟ್ಟಿಗೆ ಪರಿಶೀಲಿಸುವುದಕ್ಕೆ ಇದೇ ಕಾರಣ.

ಇದು ತಾಯಂದಿರ ವಿಷಯ, ವಿದ್ಯಾರ್ಥಿಗಳಿಗೇಕೆ ಎಂದು ಕೆಲವರು ಕೇಳಬಹುದು. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾದಂತಹ ಊರನ್ನು ನೆನೆದರೆ ಉತ್ತರ ದೊರೆಯುತ್ತದೆ. ಸಜ್ಜೆ, ಜೋಳ, ಶೇಂಗಾ ಬೆಳೆಯುವ ಸೀಮೆಯದು. ಕಳೆ ತೆಗೆಯುವ, ಶೇಂಗಾ ಕೀಳುವ ದಿನಗಳಲ್ಲಿ ತಾಯಿ ಹೊಲಕ್ಕೆ ಹೋದಾಗ, ಅಥವಾ ಬಾಣಂತನಕ್ಕೆ ಬಂದ ಅಕ್ಕ ತುಸು ಕಣ್ಣು ಮುಚ್ಚಿದಾಗ, ಕೂಸನ್ನು ಕಂಕುಳಿಗೇರಿಸಿಕೊಳ್ಳುವವರು ಹಲವು ವೇಳೆ ಶಾಲೆ ಕಾಲೇಜಿನ ಹುಡುಗ ಹುಡುಗಿಯರೇ. ಅಳುವ ಕೂಸಿನ ಬಾಯಿಗೆ ನಾಲ್ಕು ಶೇಂಗಾ ಕಾಳು ಹಾಕಿ ಸಮಾಧಾನಪಡಿಸುವವರೂ ಅವರೇ. ಆ ನಾಲ್ಕು ಕಾಳಿನ ವಿಚಾರಕ್ಕೆ ಆಮೇಲೆ ಬರೋಣ.

ಮೊದಲು ಆಟ. ಇದಕ್ಕೆ ಅಂಗಡಿಯ ಸಾಮಾನು ಬೇಕಿಲ್ಲ. ಕೌದಿಯ ಮೇಲೆ ಕೂಸನ್ನು ಕೂರಿಸಿ, ಅದು ನೋಡುತ್ತಿರುವಾಗಲೇ ಒಂದು ಗಿಲಕಿಯ ಮೇಲೆ ಬಟ್ಟೆಯನ್ನು ಮುಚ್ಚಿರಿ. ಐದು ತಿಂಗಳಿನ ಕೂಸು ಸಾಮಾನ್ಯವಾಗಿ ಬಟ್ಟೆಯನ್ನು ತೆಗೆಯಲು ಯತ್ನಿಸದೆ ಬೇರೆ ಕಡೆ ನೋಡುತ್ತದೆ. ಎಂಟು ಒಂಬತ್ತು ತಿಂಗಳಿನದು ಬಟ್ಟೆಯನ್ನೆಳೆದು ಗಿಲಕಿಯನ್ನು ಹಿಡಿಯುತ್ತದೆ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896–1980) ತಮ್ಮ ಮೂವರು ಮಕ್ಕಳನ್ನೇ ಹೀಗೆ ಪರೀಕ್ಷಿಸಿ, ಮರೆಯಾದ ವಸ್ತುವು ಇಲ್ಲವಾಗಿಲ್ಲ ಎಂಬ ಅರಿವು ಕ್ರಮೇಣ ಮೂಡುವಂಥದು ಎಂದು ಪ್ರತಿಪಾದಿಸಿದರು. 1985ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೂಸಿನ ಕೈಯ ಬದಲು ಅದರ ದೃಷ್ಟಿಯನ್ನು ಗಮನಿಸಲಾಯಿತು. ಮರೆಯಲ್ಲಿರುವ ವಸ್ತುವನ್ನು ಹಲಗೆಯೊಂದು ಹಾದುಹೋದಂತೆ ತೋರಿಸಿದಾಗ ಐದು ತಿಂಗಳಿನ ಕೂಸುಗಳೂ ಹೆಚ್ಚು ಹೊತ್ತು ದಿಟ್ಟಿಸಿದವು. ಎಂದರೆ ಅರಿವು ಪಿಯಾಜೆಯವರು ಎಣಿಸಿದುದಕ್ಕಿಂತ ಮೊದಲೇ ಮೊಳೆತಿರುತ್ತದೆ. ಅದನ್ನು ಕೈಗೆ ತರುವುದು ತಡವಾಗುತ್ತದೆ. ಸೆರಗಿನಲ್ಲಿ ಮುಖ ಮರೆಸಿಕೊಂಡು ತೋರಿಸುವ ಅಜ್ಜಿಯು ಆಡಿಸುವುದು ಇದೇ ಪ್ರಯೋಗವನ್ನು.

ಒಂಬತ್ತು ಹತ್ತನೆಯ ತಿಂಗಳಿನ ಹೊತ್ತಿಗೆ ಹೆಬ್ಬೆರಳು ತೋರುಬೆರಳುಗಳ ತುದಿಯಿಂದ ಸಣ್ಣ ವಸ್ತುವನ್ನು ಹೆಕ್ಕುವ ಶಕ್ತಿ ಬರುತ್ತದೆ. ಆಗ ಕೂಸು ಸೌಟನ್ನು ಕೆಳಕ್ಕೆ ಬೀಳಿಸುತ್ತದೆ, ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತದೆ. ಇದನ್ನು ಹಟವೆಂದು ಬೈಯಬಾರದು. ಬಿಟ್ಟದ್ದು ಪ್ರತಿಸಲವೂ ಕೆಳಗೇ ಬೀಳುತ್ತದೆಯೆ, ಸದ್ದು ಪ್ರತಿಸಲವೂ ಬರುತ್ತದೆಯೆ, ಅಣ್ಣ ಪ್ರತಿಸಲವೂ ಎತ್ತಿಕೊಡುತ್ತಾನೆಯೆ ಎಂಬ ಮೂರು ಪ್ರಶ್ನೆಗಳಿಗೆ ಅದು ಒಂದೇ ಸಲಕ್ಕೆ ಉತ್ತರ ಹುಡುಕುತ್ತಿರುತ್ತದೆ. ಒಂದರೊಳಗೊಂದು ಕೂರುವ ಬಟ್ಟಲುಗಳು, ಬಡಿಯಲು ಒಂದು ತಾಟು, ಹಿಟ್ಟು ನಾದುವಾಗ ಕಿತ್ತುಕೊಟ್ಟ ಒಂದು ಉಂಡೆ, ಇವು ಸಾಕು. ಉಂಡೆಯನ್ನು ಪಡೆದ ಒಂದೂವರೆ ವರ್ಷದ ಮಗುವು ತಾಯಿಯಂತೆಯೇ ರೊಟ್ಟಿ ಬಡಿಯಲು ಕುಳಿತುಕೊಳ್ಳುವುದನ್ನು ನೋಡಬೇಕು. ತಂಬಿಗೆಯಿಂದ ತಂಬಿಗೆಗೆ ನೀರು ಸುರಿಯುವ ಆಟವೂ ಒಳ್ಳೆಯದೇ. ಆದರೆ ಬಕೀಟಿನಲ್ಲಿ ಗೇಣು ನೀರಿದ್ದರೂ ಮಗುವು ತಲೆಕೆಳಗಾಗಿ ಬಿದ್ದು ಮುಳುಗಬಲ್ಲುದಾದ್ದರಿಂದ ಕ್ಷಣವೂ ಅಗಲಿ ಹೋಗಬಾರದು. ಆಡಿಸುವಾಗ ವಸ್ತುಗಳ ಹೆಸರು ಹೇಳುತ್ತಿರಬೇಕು. ಕೂಸು ತೊದಲಿದರೆ ಅದು ಮಾತೆಂದೇ ತಿಳಿದು ಮರುಮಾತಾಡಬೇಕು. ಮೊಬೈಲಿನ ಪರದೆಯು ಕೂಸು ಹೇಳಿದ್ದಕ್ಕೆ ಹೀಗೆ ಓಗೊಡಲಾರದು.

ಕೊಪ್ಪಳದ ಸಮೀಪದ ಕಿನ್ನಾಳವು ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿಯ ಚಿತ್ರಗಾರರು ಹಗುರ ಮರದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಅದೇ ಅಂಟಿನಲ್ಲಿ ಸೆಣಬಿನ ಚೂರ್ಣ ಹಾಗೂ ಮರದ ಹೊಟ್ಟನ್ನು ಕಲಸಿದ ‘ಕಿಟ್ಟ’ದಿಂದ ಮೈ ತುಂಬಿ, ಬಣ್ಣ ಬಳಿಯುತ್ತಾರೆ. ನೋಡಿ ಆನಂದಿಸಲು, ಮೂರು ದಾಟಿದ ಮಕ್ಕಳಿಗೆ ಹೆಸರು ಹೇಳಿಸಲು ಅವು ಸೊಗಸಾದವು. ಎಲ್ಲವನ್ನೂ ಚೀಪುವ ಕೂಸಿಗೆ ಮಾತ್ರ ಯಾವ ಊರಿನ ಬಣ್ಣದ ಗೊಂಬೆಯಾದರೂ ಬಣ್ಣದ ಬಗೆ ತಿಳಿಯದೆ ಕೊಡುವುದು ಸರಿಯಲ್ಲ. ಕೆಲವು ಬಣ್ಣಗಳಲ್ಲಿರುವ ಸೀಸವು ಬೆಳೆಯುವ ಮಿದುಳಿಗೆ ವಿಷ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವಾದುದು 2016ರಲ್ಲಿ. ಹಳೆಯ ಬಣ್ಣದ ಆಟಿಕೆಗಳು ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿರುತ್ತವೆ.

ಇನ್ನು ತಿನಿಸು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಅನಂತರ ಹಾಲಿನೊಡನೆ ಬೇರೆ ಆಹಾರ ಆರಂಭವಾಗಬೇಕು. ಇಲ್ಲಿ ಒಂದು ಸಣ್ಣ ಗಣಿತವಿದೆ. ಕೂಸಿನ ಜಠರವು ಅದರ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 30 ಮಿಲಿಲೀಟರಿನಷ್ಟನ್ನು ಹಿಡಿಯುತ್ತದೆ. ಎಂಟು ಕಿಲೋ ತೂಗುವ ಕೂಸು ಒಂದು ಸಲಕ್ಕೆ 240 ಮಿಲಿಲೀಟರಿಗಿಂತ ಹೆಚ್ಚು ಉಣ್ಣಲಾರದು. ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹಿಟ್ಟು ಹೆಚ್ಚಿಸಿದರೆ ಗಂಜಿಯು ಗಟ್ಟಿಯಾಗಿ ಕೂಸಿನ ಗಂಟಲಿಳಿಯದು.

ಇದಕ್ಕೆ ಉಪಾಯ ಮೊಳಕೆಯಲ್ಲಿದೆ. ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವವು ಹುಟ್ಟಿ ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ, ಮೊಳಕೆ ಬರಿಸಿದ ರಾಗಿ ಮತ್ತು ಹೆಸರು ಕಾಳಿನಿಂದ ಬೇಯಿಸಿದರೂ ಬಿಗಿಯಾಗದ ಶಿಶು ಆಹಾರವೊಂದನ್ನು ವಿವರಿಸಿದರು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ನೋಡಬಹುದು. ರಾಗಿಯನ್ನು ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ತಿಕ್ಕಿ ತೆಗೆದು ಬೀಸಿರಿ. ಗಟ್ಟಿ ಗಂಜಿಯನ್ನು ಎರಡು ಬಟ್ಟಲಿಗೆ ಹಾಕಿ ತುಸು ಆರಿದ ಮೇಲೆ ಒಂದಕ್ಕೆ ಮಾತ್ರ ಈ ಹಿಟ್ಟಿನ ಒಂದು ಚಮಚವನ್ನು ಕಲಸಿರಿ. ಕೆಲವೇ ನಿಮಿಷಗಳಲ್ಲಿ ಅದು ಸಡಿಲಾಗುತ್ತದೆ. ಕುದಿಯುವ ಗಂಜಿಗೆ ಹಾಕಿದರೆ ಕಿಣ್ವ ನಾಶವಾಗಿ ಪ್ರಯೋಗ ಕೆಡುತ್ತದೆ. ಸಡಿಲಾದ ಮೇಲೆ ಮಾತ್ರ ಇನ್ನೊಮ್ಮೆ ಕುದಿಸಿಯೇ ಕೂಸಿಗೆ ಉಣಿಸಬೇಕು. ಜೋಳವನ್ನು ಹೀಗೆ ಮೊಳಕೆ ಮಾಡಹೋಗಬಾರದು. ಎಳೆಯ ಜೋಳವನ್ನು ಮೇದ ದನವು ಸಾಯುವುದನ್ನು ರೈತರು ಬಲ್ಲರು. ಸಯನೈಡನ್ನು ಬಿಡುವ ಅದೇ ವಸ್ತುವು ಜೋಳದ ಮೊಳಕೆಯಲ್ಲಿಯೂ ಇರುತ್ತದೆ.

ಜೋಳವನ್ನು ನುಚ್ಚು ಮಾಡಿ ಮೆತ್ತಗೆ ಬೇಯಿಸಿ ಮೊಸರಿನೊಡನೆ ಕಿವುಚಿ ಕೊಡಬಹುದು. ಬಿಸಿ ರೊಟ್ಟಿಯ ಮೆದು ಭಾಗವನ್ನು ಬೇಳೆಯ ಕಟ್ಟಿನಲ್ಲಿ ನೆನೆಸಬಹುದು. ಬೇಯಿಸಿದ ಗೆಣಸು, ಬಾಳೆಹಣ್ಣು, ಚೆನ್ನಾಗಿ ಬೆಂದ ತತ್ತಿ ಇವೆಲ್ಲ ಕೂಸೇ ಕೈಯಲ್ಲಿ ಹಿಡಿದು, ಹಿಚುಕಿ, ಆಡುತ್ತ ತಿನ್ನಬಹುದಾದ ತಿನಿಸುಗಳು. ಮೊದಲ ವರ್ಷದಲ್ಲಿ ಉಪ್ಪು ಸಕ್ಕರೆ ಬೇರೆಯಾಗಿ ಹಾಕಬೇಕಾಗಿಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯದ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ವಿಷವನ್ನು ಉತ್ಪಾದಿಸಬಲ್ಲವು.

ಈಗ ಆ ನಾಲ್ಕು ಶೇಂಗಾ ಕಾಳು. ಶೇಂಗಾ ಸತ್ವಯುತವಾದ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ತೊಂದರೆಯಿರುವುದು ಸತ್ವದಲ್ಲಲ್ಲ, ಆಕಾರದಲ್ಲಿ. ಅರೆಯುವ ದವಡೆಹಲ್ಲುಗಳು ಮಗುವಿಗೆ ಹದಿಮೂರನೆಯ ತಿಂಗಳಿನ ಸುಮಾರಿಗೆ ಹುಟ್ಟತೊಡಗಿ, ಎಲ್ಲ ಬರುವಷ್ಟರಲ್ಲಿ ಎರಡೂವರೆ ವರ್ಷ ದಾಟುತ್ತದೆ. ಅಷ್ಟರವರೆಗೆ ಮುಂದಿನ ಹಲ್ಲಿನಿಂದ ಕಾಳನ್ನು ಎರಡು ಹೋಳು ಮಾಡಬಹುದೇ ಹೊರತು ಅರೆಯಲಾಗದು. ನಗುವಾಗಲೋ ಅಳುವಾಗಲೋ ಉಸಿರೆಳೆದುಕೊಂಡರೆ ಆ ಹೋಳು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳದ ಅಗಲ ಹೆಚ್ಚುಕಡಿಮೆ ಮಗುವಿನ ಕಿರುಬೆರಳಿನಷ್ಟು. ಕೊಳವೆಯಲ್ಲಿ ಸಮಪ್ರವಾಹವಿರುವಾಗ ಅದರ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವೆಂಬ ಪ್ವಾಜೆಯ್ ನಿಯಮವನ್ನು ಕಾಲೇಜಿನವರು ಓದಿರುತ್ತಾರೆ: ತ್ರಿಜ್ಯವು ಅರ್ಧವಾದರೆ ತಡೆಯು ಹದಿನಾರು ಪಟ್ಟಾಗುತ್ತದೆ. ಶ್ವಾಸನಾಳದ ಗಾಳಿ ಅಷ್ಟು ಸಮವಾಗಿ ಹರಿಯದಿದ್ದರೂ, ದೊಡ್ಡವರಿಗೆ ಕೆಮ್ಮು ತರಿಸುವ ಚೂರು ಮಗುವಿನ ಉಸಿರನ್ನೇ ಕಟ್ಟುವುದೇಕೆ ಎಂಬುದಕ್ಕೆ ಇದರಿಂದ ಸುಳಿವು ದೊರೆಯುತ್ತದೆ.

ಪುಟಾಣಿ, ಇಡೀ ದ್ರಾಕ್ಷಿ, ಹಿರಿಯರು ಆಡಿ ಮರೆತ ಹುಣಸೆ ಬೀಜ, ಇವುಗಳ ವಿಷಯವೂ ಇದೇ. ಮೂರು ವರ್ಷದೊಳಗಿನವರ ಆಟಿಕೆಯ ಯಾವ ಭಾಗವೂ 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಇಳಿಯಬಾರದೆಂಬ ಕಟ್ಟಳೆಯಿದೆ. ಹತ್ತು ರೂಪಾಯಿಯ ನಾಣ್ಯದ ವ್ಯಾಸ 27 ಮಿಲಿಮೀಟರ್. ಅದಕ್ಕಿಂತ ತುಸು ದೊಡ್ಡದಾದ ವಸ್ತುವೂ ಅಪಾಯದ್ದೇ ಎಂದಾಯಿತು. ಇಡೀ ಕಾಳನ್ನು ಐದು ವರ್ಷದ ತನಕ ಕೊಡದಿರುವುದು ಲೇಸು. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಕುಟ್ಟಿದ ಶೇಂಗಾ ಪುಡಿಯನ್ನು ಗಂಜಿಯಲ್ಲಿ ಬೆರೆಸಿ ಆರು ತಿಂಗಳ ಮೇಲೆ ಧಾರಾಳವಾಗಿ ಕೊಡಬಹುದು. ಚರ್ಮದ ತೀವ್ರ ಇಸುಬು ಅಥವಾ ತತ್ತಿಯ ಒಗ್ಗದಿಕೆ ಇರುವ ಕೂಸಿಗೆ ಮಾತ್ರ ವೈದ್ಯರನ್ನು ಕೇಳಿ ಕೊಡಬೇಕು.

ಕಾಳು ಸಿಕ್ಕಿಕೊಂಡು ಮಗುವು ಅಳಲೂ ಕೆಮ್ಮಲೂ ಆಗದೆ ನೀಲಿಗಟ್ಟಿದರೆ, ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ವರ್ಷದೊಳಗಿನ ಕೂಸಾದರೆ ಬಳಿಕ ಅಂಗಾತ ಮಾಡಿ, ಎದೆಯ ನಡುವೆ ಐದು ಸಲ ಒತ್ತಬೇಕು. ದೊಡ್ಡದಾದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಕಾಳು ಹೊರಬೀಳುವ ತನಕ ಇವನ್ನು ಸರದಿಯಂತೆ ಮಾಡುತ್ತಿರುವಾಗಲೇ ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು. ಕಾಣದ ಕಾಳಿಗಾಗಿ ಗಂಟಲಲ್ಲಿ ಬೆರಳಾಡಿಸಿದರೆ ಅದು ಇನ್ನೂ ಕೆಳಕ್ಕೆ ಹೋಗುತ್ತದೆ. ಮಗುವು ತಾನೇ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು.

ಕೆಲವೊಮ್ಮೆ ಕೆಮ್ಮು ತಾನಾಗಿ ನಿಂತು ಎಲ್ಲವೂ ಸರಿಹೋದಂತೆ ತೋರುತ್ತದೆ. ಆದರೆ ಹೋಳು ಇನ್ನೂ ಕಿರಿದಾದ ಕವಲಿಗೆ ಇಳಿದು ಕುಳಿತಿರಬಹುದು. ಅಲ್ಲಿ ಅದು ತೇವದಿಂದ ಉಬ್ಬುತ್ತದೆ, ಅದರ ಎಣ್ಣೆಯು ನಾಳದ ಒಳಪೊರೆಯನ್ನು ಕೆರಳಿಸುತ್ತದೆ. ಕೆಲವು ದಿನಗಳ ಮೇಲೆ ಜ್ವರ, ಉಬ್ಬಸ ಕಾಣಿಸಿಕೊಂಡು ಅದು ನೆಗಡಿಯೆಂದೇ ಎಲ್ಲರೂ ತಿಳಿಯುತ್ತಾರೆ. ಶೇಂಗಾ ಕಾಳು ಲೋಹದಂತೆ ಎಕ್ಸ್ ರೇ ಚಿತ್ರದಲ್ಲಿ ಮೂಡುವುದಿಲ್ಲ. ಅಂದು ಕಾಳು ತಿನ್ನುತ್ತಿರುವಾಗ ಕೆಮ್ಮು ಬಂದಿತ್ತೆಂಬ ಒಂದು ಮಾತು ವೈದ್ಯರಿಗೆ ಆ ಚಿತ್ರಕ್ಕಿಂತ ಹೆಚ್ಚನ್ನು ತಿಳಿಸಬಲ್ಲುದು. ಆ ಮಾತನ್ನು ಬಲ್ಲವರು ಅಂದು ಜೊತೆಗಿದ್ದ ಅಣ್ಣನೋ ಅಕ್ಕನೋ. ಬೈಗುಳಕ್ಕೆ ಅಂಜದೆ ಅದನ್ನು ಅವರೇ ಹೇಳಬೇಕು.