ಗದ್ದೆಯ ಪಾಠಶಾಲೆ

ಭತ್ತದ ಗದ್ದೆಯು ಬೆಂಕಿ ತಗುಲಿದಂತೆ ಅಲ್ಲಲ್ಲಿ ಗುಂಡಾಗಿ ಒಣಗಿಹೋಗುವುದನ್ನು ನಮ್ಮ ಕಾಲುವೆ ಬಯಲಿನ ಭೂಮಾಲೀಕರು ಕಂಡಿರುವರು. ಇದು ಕಂದು ಜಿಗಿಹುಳುವಿನ ಹಾವಳಿ. ಇದೇ ಹುಳುವಿನಿಂದ ಇಂಡೋನೇಷ್ಯಾ ದೇಶವು ಪಟ್ಟ ಕಷ್ಟವನ್ನೂ, ಆ ಕಷ್ಟದಿಂದ ಹುಟ್ಟಿದ ಹೊಸ ಬಗೆಯ ಶಾಲೆಯನ್ನೂ ಗ್ರಾಮದ ಮುಖಂಡರು ತಿಳಿದಿರುವುದು ಅವಶ್ಯಕವು.

ಆ ದೇಶದಲ್ಲಿ ಕೀಟನಾಶಕಗಳ ಬೆಲೆಯ ಬಹುಭಾಗವನ್ನು ಸರ್ಕಾರವೇ ಭರಿಸುತ್ತಿದ್ದುದರಿಂದ ರೈತರು ಅವನ್ನು ಧಾರಾಳವಾಗಿ ಸಿಂಪಡಿಸಿದರು. ಆದರೂ ಹುಳುವು ತಗ್ಗದೆ ಹೆಚ್ಚಿತು. ಇದಕ್ಕೆ ಕಾರಣವೇನೆಂದರೆ, ಜಿಗಿಹುಳುವು ಮೊಟ್ಟೆಗಳನ್ನು ಎಲೆಯ ಕವಚದೊಳಗೆ ಇಡುವುದರಿಂದ ಅವಕ್ಕೆ ಔಷಧವು ತಾಗುವುದು ಕಡಿಮೆ. ಹುಳುವನ್ನು ಹಿಡಿದು ತಿನ್ನುವ ಜೇಡಗಳೂ, ಮೊಟ್ಟೆಗಳನ್ನು ಹೀರುವ ಸಣ್ಣ ಹಸುರು ತಿಗಣೆಗಳೂ ಮಾತ್ರ ಸಾಯುವುವು. ಕಾವಲುಗಾರನಿಲ್ಲದ ಕಣದಂತೆ ಗದ್ದೆಯು ಹುಳುವಿನ ಪಾಲಾಗುವುದು. 1986ರಲ್ಲಿ ರಾಷ್ಟ್ರಾಧ್ಯಕ್ಷರ ಆಜ್ಞೆಯಿಂದ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸುವುದು ನಿಷೇಧಿಸಲ್ಪಟ್ಟಿತು. 1989ರ ವೇಳೆಗೆ ಸಹಾಯಧನವೂ ನಿಂತಿತು.

ಆದರೆ ಆಜ್ಞೆಯೊಂದರಿಂದಲೇ ರೈತನ ಭಯವು ಹೋಗಲಾರದು. ಆದಕಾರಣ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಜಾವಾ ದ್ವೀಪದಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಸುಮಾರು 25 ಮಂದಿ ರೈತರು ನಾಟಿಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಗದ್ದೆಯ ಬದುವಿನ ಮೇಲೆ ಸೇರುವರು. ಸಣ್ಣ ಗುಂಪುಗಳಾಗಿ ಇಳಿದು, ಭತ್ತದ ಬುಡಗಳನ್ನು ಬಿಡಿಸಿ ನೋಡಿ, ಶತ್ರು ಕೀಟಗಳನ್ನೂ ಮಿತ್ರ ಕೀಟಗಳನ್ನೂ ಎಣಿಸುವರು. ಬಳಿಕ ದೊಡ್ಡ ಕಾಗದದ ಮೇಲೆ ಪೈರಿನ ಚಿತ್ರವನ್ನು ಬರೆದು, ಎರಡು ಪಂಗಡಗಳನ್ನೂ ಗುರುತಿಸಿ, ಮಾಡತಕ್ಕದ್ದೇನೆಂದು ತಾವೇ ಚರ್ಚಿಸಿ ನಿಶ್ಚಯಿಸುವರು. ಎಳೆಯ ಪೈರಿನ ಕೆಲವು ಎಲೆಗಳನ್ನು ಕತ್ತರಿಸಿ, ಅದು ಮತ್ತೆ ಚಿಗುರುವುದನ್ನು ಕಣ್ಣಾರೆ ಕಾಣುವರು. ಬಲೆ ಕಟ್ಟಿದ ಪಾತ್ರೆಯಲ್ಲಿ ಜೇಡವನ್ನೂ ಜಿಗಿಹುಳುಗಳನ್ನೂ ಕೂಡಿಟ್ಟು, ಯಾವುದು ಯಾವುದನ್ನು ತಿನ್ನುವುದೆಂದು ಪರೀಕ್ಷಿಸುವರು. ಈ ಪದ್ಧತಿಯು ತರುವಾಯ ಅನೇಕ ದೇಶಗಳಿಗೆ ಹರಡಿತು. ನಮ್ಮ ದೇಶಕ್ಕೂ ಬಂದಿತು.

ಈ ಲೇಖಕನೂ ಸೇವೆಯ ಮೊದಲ ವರ್ಷಗಳಲ್ಲಿ ಹುಳು ಕಂಡೊಡನೆ ಔಷಧವನ್ನು ಬರೆದುಕೊಟ್ಟವನೇ. ಬುಡವನ್ನು ಬಿಡಿಸಿ ನೋಡುವ ಅಭ್ಯಾಸವು ಬಂದ ಮೇಲೆಯೇ, ಎಷ್ಟೋ ಗದ್ದೆಗಳಲ್ಲಿ ಆ ಖರ್ಚು ಬೇಕಿರಲಿಲ್ಲವೆಂದು ತಿಳಿಯಿತು.

ನಮ್ಮಲ್ಲಿ ಅನುಸರಿಸತಕ್ಕ ಕ್ರಮಗಳು ಇವು:

1. ಒಂದೇ ಕಾಲುವೆಯ ಕೆಳಗಿನ ಗದ್ದೆಗಳನ್ನು ಆದಷ್ಟು ಏಕಕಾಲದಲ್ಲಿ ನಾಟಿ ಮಾಡಿಸಬೇಕು. ಇದು ಗ್ರಾಮದ ಮುಖಂಡರಿಂದಲೇ ಆಗತಕ್ಕ ಕೆಲಸ.

2. ಪ್ರತಿ 8-10 ಸಾಲುಗಳಿಗೆ ಒಂದಡಿ ಜಾಗವನ್ನು ಬಿಟ್ಟು ಗಾಳಿ ಬೆಳಕಿಗೆ ದಾರಿ ಮಾಡಬೇಕು.

3. ಯೂರಿಯಾವನ್ನು ಮಿತಿಮೀರಿ ಹಾಕಕೂಡದು. ಮೆತ್ತಗೆ ಸೊಂಪಾದ ಪೈರಿನಲ್ಲಿ ಈ ಹುಳುವು ಬೇಗ ಹೆಚ್ಚುವುದು.

4. ಹುಳು ಕಂಡರೆ ಗದ್ದೆಯ ನೀರನ್ನು ಕೆಲವು ದಿನ ಬಸಿದುಬಿಡಬೇಕು.

5. ಪೈರೆಥ್ರಾಯ್ಡ್ ಜಾತಿಯ ಔಷಧಗಳು ಈ ಹುಳುವನ್ನು ಹೆಚ್ಚಿಸುವುದರಿಂದ ಅವನ್ನು ಭತ್ತಕ್ಕೆ ಸಿಂಪಡಿಸಲೇಕೂಡದು. ಹಾವಳಿಯು ಕೈಮೀರುವಂತೆ ಕಂಡಲ್ಲಿ ರೈತ ಸಂಪರ್ಕ ಕೇಂದ್ರದ ಸಲಹೆಯಂತೆ ನಡೆಯಬೇಕು.

ಒಬ್ಬನ ಗದ್ದೆಯಲ್ಲಿ ಬೆಳೆದ ಹುಳುವು ನೆರೆಯವನ ಗದ್ದೆಗೂ ಹಾರುವುದು. ಆದ್ದರಿಂದ ಮುಖಂಡರು ಈ ಹಂಗಾಮಿನಲ್ಲಿ ಊರಿನ ಒಂದು ಗದ್ದೆಯನ್ನಾದರೂ ಪಾಠಶಾಲೆಯಾಗಿ ಗೊತ್ತುಮಾಡಿ, ವಾರಕ್ಕೊಂದು ಬೆಳಗಿನ ಹೊತ್ತನ್ನು ಅದಕ್ಕೆ ಮೀಸಲಿಡುವರೆಂದು ನಂಬಿರುತ್ತೇನೆ.